ಲಿನಕ್ಸ್‌ಗೆ ಹೊಂದುತ್ತದೆಯೇ ಎಂದು ಪೆಟ್ಟಿಗೆಯನ್ನು ಕೇಳಬೇಡಿ

ಮಾನ್ಯ ಸಂಪಾದಕರೇ,

ಪ್ರಿಂಟರ್ ಇರಲಿ, ವೆಬ್‌ಕ್ಯಾಮ್ ಇರಲಿ, ವೈಫೈ ಡಾಂಗಲ್ ಇರಲಿ, ಪೆಟ್ಟಿಗೆ ತಿರುಗಿಸಿದರೆ ವಿಂಡೋಸ್ ಮತ್ತು ಮ್ಯಾಕ್ ಎಂಬ ಎರಡು ಹೆಸರು ಕಾಣುತ್ತವೆ. ಅವುಗಳಂತೆಯೇ ಕಂಪ್ಯೂಟರನ್ನು ನಡೆಸುವ ಮುಕ್ತ ವ್ಯವಸ್ಥೆ ಲಿನಕ್ಸ್‌ನ ಹೆಸರು ಅಪರೂಪ. ಅದನ್ನು ನೋಡಿ ‘ಇದು ನಮಗಾಗದು’ ಎಂದು ಕೆಳಗಿಡುವವರಿದ್ದಾರೆ. ‘ಈಗ ಲಿನಕ್ಸ್‌ನಲ್ಲಿ ಎಲ್ಲವೂ ನಡೆಯುತ್ತದಂತೆ’ ಎಂಬ ಮಾತು ನಂಬಿ ಕೊಂಡು ಕೈಸುಟ್ಟುಕೊಳ್ಳುವವರೂ ಇದ್ದಾರೆ. ಪೆಟ್ಟಿಗೆಯ ಆ ಸಾಲು ತಿಳಿಸುವುದು ಇಷ್ಟೇ: ಯಾವ ವ್ಯವಸ್ಥೆ ಬಳಸುವವರು ಫೋನ್ ಮಾಡಿದರೆ ತಯಾರಕರು ಉತ್ತರ ಕೊಡುತ್ತಾರೆ ಎಂಬುದು. ಸಾಧನ ನಡೆಯುವುದು ಬಿಡುವುದು ಬೇರೆ ಎರಡು ಸಂಗತಿಗಳ ಮೇಲಿದೆ. ಅದು ಎಲ್ಲರಿಗೂ ತೆರೆದ ಮಾನದಂಡವನ್ನು ಪಾಲಿಸುತ್ತದೆಯೇ? ಪಾಲಿಸದಿದ್ದರೆ, ಅದರೊಳಗಿನ ಚಿಪ್‌ಗೆ ಲಿನಕ್ಸ್ ಕರ್ನೆಲ್‌ನಲ್ಲೇ (ವ್ಯವಸ್ಥೆಯ ತಿರುಳಿನಲ್ಲೇ) ಡ್ರೈವರ್, ಅಂದರೆ ಅದನ್ನು ನಡೆಸುವ ತಂತ್ರಾಂಶ, ಇದೆಯೇ?

ಲಿನಕ್ಸ್‌ನಲ್ಲಿ ಡ್ರೈವರ್ ಸಾಮಾನ್ಯವಾಗಿ ಸಾಧನದ ಜೊತೆ ಬರುವುದಿಲ್ಲ, ಕರ್ನೆಲ್ ಜೊತೆ ಬರುತ್ತದೆ. ಇದೊಂದು ತಲೆಗೆ ಹೋದರೆ ಅರ್ಧ ಗೊಂದಲ ಕಳೆಯುತ್ತದೆ. ತಯಾರಕರು ಕೈಬಿಟ್ಟ ಹಳೆಯ ಸಾಧನಗಳು ಲಿನಕ್ಸ್‌ನಲ್ಲಿ ಇನ್ನೂ ಓಡುವುದು ಇದರಿಂದಲೇ. ಒಮ್ಮೆ ಸೇರಿದ ಡ್ರೈವರನ್ನು ಅಷ್ಟು ಸುಲಭಕ್ಕೆ ಕಿತ್ತುಹಾಕುವುದಿಲ್ಲ. ಈಗಷ್ಟೇ ಬಿಡುಗಡೆಯಾದ ಲ್ಯಾಪ್‌ಟಾಪ್‌ನಲ್ಲಿ ವೈಫೈ ಕಾಣದಿರುವುದೂ ಇದರಿಂದಲೇ. ಲಿನಕ್ಸ್‌ನ ಸಿದ್ಧ ರೂಪಗಳನ್ನು ಡಿಸ್ಟ್ರೋ ಎನ್ನುತ್ತಾರೆ. ಅವುಗಳಲ್ಲಿ ಡೆಬಿಯನ್ 12ರ ಜೊತೆ ಬಂದದ್ದು 6.1 ಕರ್ನೆಲ್, ಉಬುಂಟು 24.04 ಮೊದಲು ಬಂದಾಗ ಇದ್ದದ್ದು 6.8. ನಿಮ್ಮ ಚಿಪ್‌ನ ಡ್ರೈವರ್ 6.10ರಲ್ಲಿ ಸೇರಿದ್ದರೆ ಈ ಎರಡರಲ್ಲೂ ಅದು ಇರುವುದಿಲ್ಲ (ಕರ್ನೆಲ್ ಎಣಿಕೆಯಲ್ಲಿ 6.8, 6.9 ಆದ ಮೇಲೆ 6.10). ಹೊಸ ಕರ್ನೆಲ್ ಒದಗಿಸುವ ಡೆಬಿಯನ್‌ನ ಬ್ಯಾಕ್‌ಪೋರ್ಟ್ಸ್ ಮತ್ತು ಉಬುಂಟುವಿನ ಎಚ್‌ಡಬ್ಲ್ಯುಇ ಕರ್ನೆಲ್ ಇರುವುದು ಇಂಥ ಸಂದರ್ಭಕ್ಕೆ. ‘ಲಿನಕ್ಸ್‌ನಲ್ಲಿ ಆಗುವುದಿಲ್ಲ’ ಎಂಬ ಎಷ್ಟೋ ದೂರುಗಳನ್ನು ‘ಹಳೆಯ ಕರ್ನೆಲ್‌ನಲ್ಲಿ ಆಗುವುದಿಲ್ಲ’ ಎಂದು ತಿದ್ದಿ ಓದಬೇಕು.

ತಮಾಷೆ ಎಂದರೆ, ಲಿನಕ್ಸ್ ಹೆಸರೆತ್ತದ ಈ ಪೆಟ್ಟಿಗೆಗಳೊಳಗೇ ಅದು ಕೂತಿರುತ್ತದೆ. ವೆಬ್‌ಓಎಸ್, ಟೈಜೆನ್, ಆಂಡ್ರಾಯ್ಡ್ ಟಿವಿ ಮೂರರ ತಳದಲ್ಲೂ ಲಿನಕ್ಸ್ ಕರ್ನೆಲ್ ಇದೆ. ಮನೆಯ ರೂಟರ್‌ಗಳಲ್ಲಿ ಬಹುಪಾಲು ಅದರದೇ. 2003ರಲ್ಲಿ ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ರೂಟರ್‌ನ ಮೂಲ ಸಂಕೇತ, ಅದನ್ನು ಹಂಚಲೇಬೇಕೆನ್ನುವ ಜಿಪಿಎಲ್ ಪರವಾನಗಿಯ ಕಾರಣಕ್ಕೆ ಹೊರಬಂತು, ಮರುವರ್ಷ ರೂಟರ್‌ಗಳ ಮುಕ್ತ ತಂತ್ರಾಂಶವಾದ ಓಪನ್‌ಡಬ್ಲ್ಯುಆರ್‌ಟಿ ಯೋಜನೆ ಅದರ ಮೇಲೆಯೇ ಹುಟ್ಟಿತು.

ಪರೀಕ್ಷೆಯ ಮೊದಲ ಹೆಜ್ಜೆ ಎಲ್ಲ ಯುಎಸ್‌ಬಿ ಸಾಧನಗಳಿಗೂ ಒಂದೇ. (ಈ ಪತ್ರದಲ್ಲಿ ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದೆ, ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು.) ಸಾಧನ ಚುಚ್ಚಿ ‘ಎಲ್‌ಎಸ್‌ಯುಎಸ್‌ಬಿ’ ಓಡಿಸಿ. ಪ್ರತಿ ಸಾಲಿನಲ್ಲೂ ಐಡಿ ಎಂಬುದರ ಮುಂದೆ ನಾಲ್ಕು, ನಾಲ್ಕು ಅಂಕಿ-ಅಕ್ಷರಗಳ ಜೋಡಿ ಬರುತ್ತದೆ. ಮೊದಲ ನಾಲ್ಕು ತಯಾರಕರದು, ಮುಂದಿನ ನಾಲ್ಕು ಸಾಧನದ್ದು. ಪೆಟ್ಟಿಗೆಯ ಮೇಲಿನ ಮಾಡೆಲ್ ಹೆಸರಿಗಿಂತ ಈ ಜೋಡಿಯೇ ನಂಬಿಕೆಗೆ ಅರ್ಹ, ಹುಡುಕುವಾಗಲೂ ಇದನ್ನೇ ಹಾಕಬೇಕು. ಬಳಿಕ ಅದೇ ಕಮಾಂಡ್‌ಗೆ ‘-ಟಿ’ ಸೇರಿಸಿ ಓಡಿಸಿದರೆ ಡ್ರೈವರ್ ಎಂಬ ಪದದ ಮುಂದೆ ಹೆಸರೊಂದು ಕಾಣುತ್ತದೆ. ಜಾಗ ಖಾಲಿಯಿದ್ದರೆ, ಅಥವಾ ‘ನನ್’ ಎಂದಿದ್ದರೆ, ಕರ್ನೆಲ್‌ನ ಯಾವ ಡ್ರೈವರೂ ಅದನ್ನು ಹಿಡಿದಿಲ್ಲ ಎಂದರ್ಥ. ಲ್ಯಾಪ್‌ಟಾಪ್ ಒಳಗಿನ ಕಾರ್ಡುಗಳಿಗೆ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಇದೇ ಕೆಲಸ ಮಾಡುತ್ತದೆ.

ಕರ್ನೆಲ್‌ನ ಸಂದೇಶಗಳನ್ನು ನೋಡಲು ‘ಡಿಎಂಇಎಸ್‌ಜಿ -ಡಬ್ಲ್ಯು’ ಓಡಿಸಿಟ್ಟು ಸಾಧನ ಚುಚ್ಚಿ. ಅಲ್ಲಿ ಬರುವ ಸಂಖ್ಯೆಗಳಿಗೆ ಅರ್ಥವಿದೆ. ಫರ್ಮ್‌ವೇರ್ ಸಾಲಿನ ಕೊನೆಯಲ್ಲಿ -2 ಇದ್ದರೆ ಡ್ರೈವರ್ ಇದೆ, ಅದಕ್ಕೆ ಬೇಕಾದ ಫರ್ಮ್‌ವೇರ್ (ಸಾಧನದೊಳಗೇ ಓಡುವ ತಂತ್ರಾಂಶ) ಫೈಲ್ ಡಿಸ್ಕ್‌ನಲ್ಲಿ ಇಲ್ಲ. ಫರ್ಮ್‌ವೇರ್ ಪ್ಯಾಕೇಜ್ ಹಾಕಿದರೆ ಮುಗಿಯಿತು. ಡೆಬಿಯನ್ ತನ್ನ 12ನೇ ಆವೃತ್ತಿಯಿಂದ ಇಂಥ ಮುಕ್ತವಲ್ಲದ ಫರ್ಮ್‌ವೇರನ್ನು ಇನ್‌ಸ್ಟಾಲರ್‌ನಲ್ಲೇ ಕೊಡತೊಡಗಿದ ಮೇಲೆ ಈ ಕಾಟ ಬಹಳ ಕಡಿಮೆಯಾಗಿದೆ. -71 ಅಥವಾ -110 ಬಂದರೆ ಡ್ರೈವರ್ ಹುಡುಕುತ್ತಾ ಕೂರಬೇಡಿ. ಹೆಚ್ಚಿನ ಸಲ ಅದು ಕೆಟ್ಟ ಕೇಬಲ್, ವಿದ್ಯುತ್ ಸಾಲದ ಹಬ್ ಅಥವಾ ಸಡಿಲ ಪೋರ್ಟ್‌ನ ಲಕ್ಷಣ. ಮೊದಲು ಹಬ್ ಬಿಟ್ಟು ನೇರ ಪೋರ್ಟ್‌ಗೆ ಚುಚ್ಚಿ, ಆಮೇಲೆ ಕೇಬಲ್ ಬದಲಿಸಿ.

ಇನ್ನು ಪ್ರಿಂಟರ್. ಅತಿ ಹೆಚ್ಚು ಭಯ ಇರುವುದು ಇಲ್ಲಿ. ಅತಿ ಹೆಚ್ಚು ಸುಧಾರಿಸಿರುವುದೂ ಇಲ್ಲೇ. 2010ರಲ್ಲಿ ಆಪಲ್ ಏರ್‌ಪ್ರಿಂಟ್ ತಂದಿತು. ಫೋನ್‌ನಿಂದ ಡ್ರೈವರ್ ಇಲ್ಲದೆ ಮುದ್ರಿಸಬೇಕೆಂಬ ಒತ್ತಡಕ್ಕೆ ಪ್ರಿಂಟರ್‌ಗಳೇ ಐಪಿಪಿ ಎಂಬ ಸಾಮಾನ್ಯ ವಿಧಾನವನ್ನು ಕಲಿತವು. ಐಪಿಪಿ ಎವೆರಿವೇರ್, ಮೋಪ್ರಿಯಾ ಎಂಬ ಹೆಸರುಗಳೂ ಇದೇ ಬಳಗದವು. ಪೆಟ್ಟಿಗೆಯ ಮೇಲೆ ಈ ಮೂರರಲ್ಲಿ ಒಂದಿದ್ದರೂ ಲಿನಕ್ಸ್‌ನ ಮುದ್ರಣ ವ್ಯವಸ್ಥೆ ಕಪ್ಸ್ ಅದನ್ನು ಯಾವ ಡ್ರೈವರೂ ಇಲ್ಲದೆ ನಡೆಸಬಲ್ಲದು. ತಯಾರಕರ ತಾಣದಿಂದ ಹಳೆಯ ಲಿನಕ್ಸ್ ಡ್ರೈವರ್ ಇಳಿಸಿ ಹಾಕುವುದೇ ಇಂಥ ಪ್ರಿಂಟರ್‌ಗೆ ಮಾಡುವ ಅಪಕಾರ: ಒಂದೇ ಪ್ರಿಂಟರ್‌ಗೆ ಎರಡು ಮುದ್ರಣ ಸರದಿಗಳು ಹುಟ್ಟುತ್ತವೆ, ಒಂದು ನಡೆಯುತ್ತದೆ, ಇನ್ನೊಂದು ಕೈಕೊಡುತ್ತದೆ, ಯಾವುದು ಯಾವುದೆಂದು ತಿಳಿಯದೆ ಒದ್ದಾಡಬೇಕಾಗುತ್ತದೆ.

ಜಾಲದಲ್ಲಿರುವ ಪ್ರಿಂಟರ್ ಕಾಣುತ್ತಿದೆಯೇ ಎಂದು ‘ಎಲ್‌ಪಿಸ್ಟ್ಯಾಟ್ -ಇ’ ಹೇಳುತ್ತದೆ. ಕಾಣದಿದ್ದರೆ ಕಾರಣ ಸಾಮಾನ್ಯವಾಗಿ ಮೂರರಲ್ಲೊಂದು. ಜಾಲದ ಸಾಧನಗಳನ್ನು ಹುಡುಕುವ ಅವಾಹಿ ಸೇವೆ ಓಡುತ್ತಿರುವುದಿಲ್ಲ. ಫೈರ್‌ವಾಲ್ ಯುಡಿಪಿ 5353 ಪೋರ್ಟನ್ನು ಮುಚ್ಚಿರುತ್ತದೆ. ಇಲ್ಲವೇ ಪ್ರಿಂಟರ್ ‘ಗೆಸ್ಟ್’ ವೈಫೈನಲ್ಲಿರುತ್ತದೆ. ಗೆಸ್ಟ್ ಜಾಲದಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ರೂಟರ್ ತಡೆಯುತ್ತದೆ, ಅಲ್ಲಿ ಯಾವ ಸಾಫ್ಟ್‌ವೇರ್ ಹಾಕಿದರೂ ಫಲವಿಲ್ಲ. ಕೇಬಲ್‌ನಲ್ಲಿ ಜೋಡಿಸುವವರಿಗೆ ‘ಐಪಿಪಿ-ಯುಎಸ್‌ಬಿ’ ಎಂಬ ಪ್ಯಾಕೇಜ್ ಬೇಕು. ಅದು ಯುಎಸ್‌ಬಿ ಪ್ರಿಂಟರನ್ನು ಜಾಲದ ಪ್ರಿಂಟರ್‌ನಂತೆ ನಿಮ್ಮದೇ ಕಂಪ್ಯೂಟರಿನ 60000ನೇ ಪೋರ್ಟ್‌ನಲ್ಲಿ ತೋರಿಸುತ್ತದೆ. ಇದನ್ನು ಹಾಕಿದೊಡನೆ ಹಳೆಯ ಯುಎಸ್‌ಬಿ ಸರದಿ ನಿಂತುಹೋಗುತ್ತದೆ, ಕಾರಣ ಪ್ರಿಂಟರ್‌ನ ಯುಎಸ್‌ಬಿ ಸಂಪರ್ಕ ಈಗ ಇದರ ಕೈಯಲ್ಲಿದೆ. ಹಳೆಯ ಸರದಿಯನ್ನು ಅಳಿಸಿ ಹೊಸದನ್ನು ಸೇರಿಸಿ.

ಮುದ್ರಣ ಕಳಿಸಿದರೆ ಪ್ರಿಂಟರ್ ಮಿಣುಕುತ್ತಾ ಸುಮ್ಮನೆ ನಿಂತರೆ ಅದು ಕೆಟ್ಟಿದೆ ಎಂದುಕೊಳ್ಳಬೇಡಿ. ಸರದಿಯ ಹಾಳೆಯ ಅಳತೆ ಲೆಟರ್ ಎಂದಿದ್ದು ತಟ್ಟೆಯಲ್ಲಿ ಎ4 ಇದ್ದರೆ ಅದು ಲೆಟರ್ ಹಾಳೆಗಾಗಿ ಕಾಯುತ್ತಿರುತ್ತದೆ. ಪ್ರಿಂಟರ್ ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ, ಮುದ್ರಿಸುವ ಆ್ಯಪ್‌ನ ಪುಟ ವಿನ್ಯಾಸದಲ್ಲಿ ಇನ್ನೊಮ್ಮೆ, ಎರಡೂ ಕಡೆ ಎ4 ಮಾಡಬೇಕು. ಮುದ್ರಿಸುತ್ತದೆ, ಸ್ಕ್ಯಾನ್ ಮಾಡುವುದಿಲ್ಲ ಎಂದಾದರೆ ‘ಸೇನ್-ಏರ್‌ಸ್ಕ್ಯಾನ್’ ಹಾಕಿ ‘ಸ್ಕ್ಯಾನ್‌ಇಮೇಜ್ -ಎಲ್’ ಓಡಿಸಿ (ಇಲ್ಲಿನ ಎಲ್ ದೊಡ್ಡಕ್ಷರ). ಹೊಸ ಮಲ್ಟಿಫಂಕ್ಷನ್ ಯಂತ್ರಗಳಲ್ಲಿ ಬಹುಪಾಲು ಇಎಸ್‌ಸಿಎಲ್ ಅಥವಾ ಡಬ್ಲ್ಯುಎಸ್‌ಡಿ ಎಂಬ ಸ್ಕ್ಯಾನ್ ವಿಧಾನ ಬಲ್ಲವು, ಎರಡನ್ನೂ ಇದೇ ಪ್ಯಾಕೇಜ್ ನೋಡಿಕೊಳ್ಳುತ್ತದೆ.

ಕೈಸುಡುವುದು ಅಗ್ಗದ, ಯುಎಸ್‌ಬಿ ಮಾತ್ರ ಇರುವ ಲೇಸರ್ ಪ್ರಿಂಟರ್‌ಗಳಲ್ಲಿ. ಇವುಗಳೊಳಗೆ ಪುಟ ಕಟ್ಟುವ ಬುದ್ಧಿ ಇರುವುದಿಲ್ಲ. ಕಂಪ್ಯೂಟರೇ ಪುಟವನ್ನು ಚುಕ್ಕಿಗಳಾಗಿ ಮಾಡಿ, ತಯಾರಕರು ಬಹಿರಂಗಪಡಿಸದ ರೂಪದಲ್ಲಿ ಕಳಿಸಬೇಕು. ಕ್ಯಾನನ್‌ನ ಕ್ಯಾಪ್ಟ್ ಮಾದರಿಗಳು ಹೀಗೆ. ಎಚ್‌ಪಿ ಲೇಸರ್‌ಜೆಟ್ 1018, 1020ಗಳಿಗಂತೂ ಪ್ರತಿ ಬಾರಿ ಚಾಲೂ ಮಾಡಿದಾಗಲೂ ಕಂಪ್ಯೂಟರಿನಿಂದ ಫರ್ಮ್‌ವೇರ್ ತುಂಬಬೇಕು. ಎಚ್‌ಪಿಯ ಎಚ್‌ಪ್ಲಿಪ್ ತಂತ್ರಾಂಶ ಇಂಥವನ್ನು ನಡೆಸುತ್ತದೆ, ಆದರೆ ಕೆಲವು ಮಾದರಿಗಳಿಗೆ ಮುಚ್ಚಿದ ಪ್ಲಗಿನ್ ಬೇಕು, ಮತ್ತು ಆ ಪ್ಲಗಿನ್‌ನ ಆವೃತ್ತಿ ಎಚ್‌ಪ್ಲಿಪ್‌ನ ಆವೃತ್ತಿಗೆ ಸರಿಯಾಗಿ ಹೊಂದಬೇಕು. ಡಿಸ್ಟ್ರೋ ಅಪ್‌ಗ್ರೇಡ್ ಆದ ಮರುದಿನ ಪ್ರಿಂಟರ್ ಮೂಕವಾಗುವುದು ಇದರಿಂದ; ‘ಎಚ್‌ಪಿ-ಪ್ಲಗಿನ್’ ಕಮಾಂಡನ್ನು ಮತ್ತೆ ಓಡಿಸಿದರೆ ಸರಿಹೋಗುತ್ತದೆ. ಇನ್ನೊಂದು ಮಾತು: ಮುಚ್ಚಿದ ಡ್ರೈವರ್‌ಗಳಲ್ಲಿ ಹೆಚ್ಚಿನವು ಇಂಟೆಲ್-ಎಎಂಡಿ ಬಗೆಯ ಪ್ರೊಸೆಸರ್‌ಗಳಿಗಷ್ಟೇ ಸಿದ್ಧವಾಗಿರುತ್ತವೆ. ರಾಸ್ಪ್‌ಬೆರಿ ಪೈ ಮೂಲಕ ಮನೆಯವರಿಗೆಲ್ಲ ಪ್ರಿಂಟರ್ ಹಂಚುವ ಯೋಜನೆಗಳು ನೆಲಕಚ್ಚುವುದು ಇಲ್ಲಿ. ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ, ವೈಫೈ ಇಲ್ಲದ ಅಗ್ಗದ ಲೇಸರ್‌ಗಿಂತ ಏರ್‌ಪ್ರಿಂಟ್ ಇರುವ ಯಾವುದಾದರೂ ಪ್ರಿಂಟರ್ ಮೇಲು.

ವೈಫೈ ಡಾಂಗಲ್‌ಗಳದು ಬೇರೆಯೇ ಕಥೆ. ಒಂದೇ ಮಾಡೆಲ್ ಹೆಸರಿನಡಿ ವಿ1, ವಿ2, ವಿ3 ಎಂದು ಪೂರ್ತಿ ಬೇರೆ ಚಿಪ್ ಹಾಕಿ ಮಾರುವುದು ಇಲ್ಲಿ ಮಾಮೂಲು. ಆದ್ದರಿಂದ ‘ಈ ಮಾಡೆಲ್ ನನಗೆ ನಡೆಯಿತು’ ಎಂಬ ಸಾಕ್ಷ್ಯ ಆವೃತ್ತಿ ಸಂಖ್ಯೆ ಇಲ್ಲದೆ ಬೆಲೆಯಿಲ್ಲದ್ದು. ಚಿಪ್ ನೋಡಿ ಕೊಳ್ಳಿ. ಮೀಡಿಯಾಟೆಕ್ ಎಂಟಿ7612ಯು ಚಿಪ್‌ಗೆ 4.19ರಿಂದ, ವೈಫೈ 6ರ ಎಂಟಿ7921ಎಯು ಚಿಪ್‌ಗೆ 5.18ರಿಂದ ಕರ್ನೆಲ್‌ನಲ್ಲೇ ಡ್ರೈವರ್ ಇದೆ. ಚುಚ್ಚಿದರೆ ಸಾಕು. ರಿಯಲ್‌ಟೆಕ್‌ನ ಡಾಂಗಲ್‌ಗಳಿಗೆ ಬಹುಕಾಲ ಕರ್ನೆಲ್ ಹೊರಗಿನ ಡ್ರೈವರ್ ಬೇಕಿತ್ತು. ಇತ್ತೀಚಿನ ಕರ್ನೆಲ್‌ಗಳು ಅವುಗಳಲ್ಲಿ ಹಲವನ್ನು ಒಳಗೇ ತೆಗೆದುಕೊಂಡಿವೆ. ಆದರೂ ಹಳೆಯ ಕರ್ನೆಲ್‌ನವರು ಪ್ರತಿ ಕರ್ನೆಲ್‌ಗೂ ಡ್ರೈವರನ್ನು ಮರುಕಟ್ಟುವ ಡಿಕೆಎಂಎಸ್ ಮೂಲಕ ಅದನ್ನು ಕಟ್ಟಿಕೊಳ್ಳಬೇಕು. ಇದರಲ್ಲಿ ಎಡವುವ ಜಾಗ ಎರಡು. ಒಂದು, ಕರ್ನೆಲ್ ಹೆಡರ್ಸ್ ಪ್ಯಾಕೇಜ್ ಇಲ್ಲದಿದ್ದರೆ ಕರ್ನೆಲ್ ಅಪ್‌ಡೇಟ್ ಆದಾಗ ಡ್ರೈವರ್ ಮರುಕಟ್ಟಣೆಯಾಗದೆ ವೈಫೈ ಮಾಯವಾಗುತ್ತದೆ. ಆಗ ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನೆಲ್ ಆರಿಸಿ ಬೂಟ್ ಮಾಡಿ, ಹೆಡರ್ಸ್ ಹಾಕಿ. ಎರಡು, ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಸಹಿ ಇಲ್ಲದ ಡ್ರೈವರನ್ನು ಕರ್ನೆಲ್ ಒಳಗೆ ಬಿಡುವುದಿಲ್ಲ. ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂದು ಹೇಳಿ ನಿಲ್ಲುತ್ತದೆ. ಉಬುಂಟು ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ, ರೀಬೂಟ್ ಆದಾಗ ನೀಲಿ ಪರದೆಯೊಂದು ಕೆಲವೇ ಸೆಕೆಂಡು ನಿಲ್ಲುತ್ತದೆ. ಅಲ್ಲಿ ಕೂಡಲೇ ಒಂದು ಕೀ ಒತ್ತಿ, ‘ಎನ್‌ರೋಲ್ ಎಂಒಕೆ’ ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಬಹಳ ಜನ ಆ ಪರದೆಯನ್ನು ನೋಡುತ್ತಾ ಕೂತು ಅವಕಾಶ ಕಳೆದುಕೊಳ್ಳುತ್ತಾರೆ.

ಕೆಲವು ಡಾಂಗಲ್‌ಗಳು ಚುಚ್ಚಿದಾಗ ವೈಫೈ ಆಗಿ ಕಾಣದೆ ಸಿಡಿ ಡ್ರೈವ್ ಆಗಿ ಕಾಣುತ್ತವೆ. ವಿಂಡೋಸ್ ಡ್ರೈವರ್ ಇಟ್ಟಿರುವ ಸಣ್ಣ ಡಿಸ್ಕ್ ಅದು. ಎಲ್‌ಎಸ್‌ಯುಎಸ್‌ಬಿಯಲ್ಲಿ 0ಬಿಡಿಎ:1ಎ2ಬಿ ಎಂಬ ಐಡಿ ಕಂಡರೆ ರಿಯಲ್‌ಟೆಕ್ ಡಾಂಗಲ್ ಇನ್ನೂ ಸಿಡಿ ವೇಷದಲ್ಲಿದೆ. ಡ್ರೈವ್ ಐಕಾನ್ ಮೇಲೆ ‘ಇಜೆಕ್ಟ್’ ಒತ್ತಿದರೆ ಎಷ್ಟೋ ಸಲ ಅಷ್ಟಕ್ಕೇ ಅದು ವೈಫೈ ಆಗಿ ತಿರುಗುತ್ತದೆ. ಯುಎಸ್‌ಬಿ-ಮೋಡ್‌ಸ್ವಿಚ್ ಪ್ಯಾಕೇಜ್ ಇದನ್ನೇ ತಾನಾಗಿ ಮಾಡುತ್ತದೆ. ಲ್ಯಾಪ್‌ಟಾಪ್‌ನ ಒಳಗಿನ ಕಾರ್ಡ್ ಬದಲಿಸುವವರು ಇಂಟೆಲ್‌ನ ಎಎಕ್ಸ್210 ಮತ್ತು ಎಎಕ್ಸ್211 ನಡುವಿನ ಒಂದು ಅಂಕಿಯ ವ್ಯತ್ಯಾಸವನ್ನು ಹಗುರವಾಗಿ ನೋಡಬಾರದು. ಮೊದಲನೆಯದು ಸ್ವತಂತ್ರ ಕಾರ್ಡ್, ಎಎಂಡಿ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ. ಎರಡನೆಯದರ ಅರ್ಧ ಭಾಗ ಇಂಟೆಲ್ ಪ್ರೊಸೆಸರ್ ವ್ಯವಸ್ಥೆಯೊಳಗೇ ಇರುವುದರಿಂದ ಬೇರೆಡೆ ಸಾಕೆಟ್‌ಗೆ ಕೂತರೂ ಎಚ್ಚರಗೊಳ್ಳುವುದಿಲ್ಲ. ಇದಕ್ಕೂ ಲಿನಕ್ಸ್‌ಗೂ ಸಂಬಂಧವಿಲ್ಲ, ಬೈಗುಳ ಮಾತ್ರ ಲಿನಕ್ಸ್‌ಗೆ.

ವೆಬ್‌ಕ್ಯಾಮ್‌ಗಳಲ್ಲಿ ಯುವಿಸಿ ಎಂಬ ಮಾನದಂಡವಿದೆ. ಅದರ ಡ್ರೈವರ್ 2008ರ 2.6.26 ಕರ್ನೆಲ್‌ನಿಂದಲೂ ಇದೆ. ಹೀಗಾಗಿ ಯುಎಸ್‌ಬಿ ವೆಬ್‌ಕ್ಯಾಮ್ ನಡೆಯುತ್ತದೆಯೇ ಎಂಬುದು ಈಗ ಪ್ರಶ್ನೆಯೇ ಅಲ್ಲ. ದೂರು ಬರುವುದು ‘ಚಿತ್ರ ಕುಂಟುತ್ತದೆ’ ಎಂದು. ಇದರ ಹಿಂದಿರುವುದು ಸರಳ ಗುಣಾಕಾರ. ಕುಗ್ಗಿಸದ ವೈಯುವೈವಿ ರೂಪದಲ್ಲಿ ಪ್ರತಿ ಪಿಕ್ಸೆಲ್‌ಗೆ 2 ಬೈಟ್. 1920ನ್ನು 1080ರಿಂದ, ಅದನ್ನು 2ರಿಂದ, ಮತ್ತೆ 30 ಫ್ರೇಮ್‌ಗಳಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 124 ಮೆಗಾಬೈಟ್. ಯುಎಸ್‌ಬಿ 2.0ರ ಗರಿಷ್ಠ ವೇಗ ಕಾಗದದ ಮೇಲೆಯೇ 60 ಮೆಗಾಬೈಟ್. ಹಾಗಾಗಿ ಕ್ಯಾಮೆರಾ ಆ ರೂಪದಲ್ಲಿ ಪೂರ್ಣ ಎಚ್‌ಡಿಯನ್ನು ಸೆಕೆಂಡಿಗೆ ಬೆರಳೆಣಿಕೆಯ ಫ್ರೇಮ್‌ಗಳಲ್ಲಷ್ಟೇ ಕೊಡುತ್ತದೆ. ಚಿತ್ರವನ್ನು ಕುಗ್ಗಿಸಿ ಕಳಿಸುವ ಎಂಜೆಪಿಜಿ ರೂಪ ಆರಿಸಿದರೆ ಅದೇ ಕ್ಯಾಮೆರಾ 30 ಫ್ರೇಮ್ ಕೊಡುತ್ತದೆ. ‘ವಿ4ಎಲ್2-ಸಿಟಿಎಲ್ --ಲಿಸ್ಟ್-ಫಾರ್ಮ್ಯಾಟ್ಸ್-ಇಎಕ್ಸ್‌ಟಿ’ ಓಡಿಸಿದರೆ ಯಾವ ರೂಪದಲ್ಲಿ ಎಷ್ಟು ಫ್ರೇಮ್ ಎಂಬ ಪಟ್ಟಿ ಸಿಗುತ್ತದೆ. ಒಂದೇ ಹಬ್‌ಗೆ ಎರಡು ಕ್ಯಾಮೆರಾ ಹಾಕಿದಾಗ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂಬ ಸಂದೇಶ ಬಂದರೆ ಡಿಸ್ಕ್ ಖಾಲಿ ಮಾಡಲು ಹೊರಡಬೇಡಿ. ಜಾಗ ಸಾಲದಿರುವುದು ಯುಎಸ್‌ಬಿ ಹಾದಿಯಲ್ಲಿ. ಒಂದನ್ನು ಬೇರೆ ಕಂಟ್ರೋಲರ್‌ನ ಪೋರ್ಟ್‌ಗೆ ಸರಿಸಿ. ದೀಪದ ಬೆಳಕಿನಲ್ಲಿ ಚಿತ್ರದ ಮೇಲೆ ಪಟ್ಟೆ ಓಡಿದರೆ ಕ್ಯಾಮೆರಾದ ‘ಪವರ್ ಲೈನ್ ಫ್ರೀಕ್ವೆನ್ಸಿ’ಯನ್ನು ನಿಮ್ಮಲ್ಲಿನ ವಿದ್ಯುತ್‌ಗೆ ತಕ್ಕಂತೆ 50 ಅಥವಾ 60 ಹರ್ಟ್ಸ್ ಮಾಡಿ.

ಆದರೆ ಲ್ಯಾಪ್‌ಟಾಪ್‌ನ ಒಳಗಿನ ಕ್ಯಾಮೆರಾ ಯುಎಸ್‌ಬಿಯದೇ ಇರುತ್ತದೆಂಬ ಖಾತ್ರಿ ಈಗ ಇಲ್ಲ. ಕೆಲವು ತೆಳು ಮಾದರಿಗಳಲ್ಲಿ ಸಂವೇದಕ ನೇರವಾಗಿ ಇಂಟೆಲ್‌ನ ಐಪಿಯು6 ಘಟಕಕ್ಕೆ ಸೇರುತ್ತದೆ. ಅದರ ಮೂಲ ಡ್ರೈವರ್ ಕರ್ನೆಲ್‌ಗೆ ಬಂದದ್ದು 2024ರ 6.10ರಲ್ಲಿ, ಚಿತ್ರ ಸಂಸ್ಕರಣೆಗೆ ಮೇಲೆ ಲಿಬ್‌ಕ್ಯಾಮೆರಾ ಎಂಬ ತಂತ್ರಾಂಶ ಬೇರೆ ಬೇಕು. ವಿಡಿಯೊ ಕರೆಯೇ ಮುಖ್ಯ ಕೆಲಸವಾದವರು ಲ್ಯಾಪ್‌ಟಾಪ್ ಕೊಳ್ಳುವ ಮೊದಲು ಇದನ್ನು ವಿಚಾರಿಸಬೇಕು.

ಬ್ಲೂಟೂತ್ ಹೆಡ್‌ಫೋನ್ ವಿಷಯದಲ್ಲಿ ಎರಡೇ ದೂರು, ಪದೇ ಪದೇ. ಮೊದಲನೆಯದು, ಕರೆ ಶುರುವಾದೊಡನೆ ಧ್ವನಿ ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಹಾಡು ಕೇಳುವ ಎ2ಡಿಪಿ ವಿಧಾನದಲ್ಲಿ ಧ್ವನಿ ಒಂದೇ ದಿಕ್ಕಿಗೆ ಹರಿಯುತ್ತದೆ. ಯಾವುದಾದರೂ ಆ್ಯಪ್ ಹೆಡ್‌ಫೋನ್‌ನ ಮೈಕ್ ತೆರೆದೊಡನೆ ಎಚ್‌ಎಫ್‌ಪಿ ವಿಧಾನಕ್ಕೆ ಹೊರಳಬೇಕು. ಅಲ್ಲಿ ಸಾಮಾನ್ಯವಾಗಿ ಸಿಗುವುದು 8 ಕಿಲೋಹರ್ಟ್ಸ್‌ನ ಸಿವಿಎಸ್‌ಡಿ ಅಥವಾ 16 ಕಿಲೋಹರ್ಟ್ಸ್‌ನ ಎಂಎಸ್‌ಬಿಸಿ, ಅದೂ ಮೋನೊ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಇನ್‌ಪುಟ್ ಅನ್ನು ಲ್ಯಾಪ್‌ಟಾಪ್‌ನ ಸ್ವಂತ ಮೈಕ್‌ಗೆ ಬದಲಿಸಿದರೆ ಹೆಡ್‌ಫೋನ್ ಎ2ಡಿಪಿಯಲ್ಲೇ ಉಳಿಯುತ್ತದೆ.

ಎರಡನೆಯದು, ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಇಟ್ಟವರದು. ಒಂದರಲ್ಲಿ ಜೋಡಿಸಿದರೆ ಇನ್ನೊಂದರಲ್ಲಿ ಕಳಚುತ್ತದೆ. ಹೆಡ್‌ಫೋನ್‌ಗೆ ಕಾಣುವುದು ಒಂದೇ ಅಡಾಪ್ಟರ್ ವಿಳಾಸ. ಎರಡನೇ ಜೋಡಣೆಯಲ್ಲಿ ಅದು ಹಳೆಯ ಕೀಲಿ ಮರೆತು ಹೊಸದನ್ನು ಇಟ್ಟುಕೊಳ್ಳುತ್ತದೆ. ಪರಿಹಾರಕ್ಕೆ ಕ್ರಮ ಮುಖ್ಯ: ಮೊದಲು ಲಿನಕ್ಸ್‌ನಲ್ಲಿ ಜೋಡಿಸಿ, ಆಮೇಲೆ ವಿಂಡೋಸ್‌ನಲ್ಲಿ. ಬಳಿಕ ವಿಂಡೋಸ್ ರಿಜಿಸ್ಟ್ರಿಯ ಬಿಟಿಎಚ್‌ಪೋರ್ಟ್ ವಿಭಾಗದಿಂದ ಕೀಲಿ ಓದಿ, ಅಲ್ಪವಿರಾಮಗಳನ್ನು ತೆಗೆದು, ಲಿನಕ್ಸ್‌ನ /ವಾರ್/ಲಿಬ್/ಬ್ಲೂಟೂತ್ ಫೋಲ್ಡರ್‌ನಲ್ಲಿ ಆ ಸಾಧನದ ‘ಇನ್ಫೋ’ ಫೈಲಿನ ಲಿಂಕ್‌ಕೀ ಸಾಲಿಗೆ ಹಾಕಿ, ಬ್ಲೂಟೂತ್ ಸೇವೆಯನ್ನು ಮತ್ತೆ ಶುರುಮಾಡಿ. ಬ್ಲೂಟೂತ್ ಎಲ್‌ಇ ಬಳಸುವ ಮೌಸ್, ಕೀಬೋರ್ಡ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ಕೀಲಿಗಳಿರುತ್ತವೆ, ಸಾಧನದ ವಿಳಾಸವೂ ಬದಲಾಗಬಹುದು. ಅಷ್ಟು ತಲೆನೋವಿಗಿಂತ ಸ್ವಂತ ಡಾಂಗಲ್ ಇರುವ ಮೌಸ್ ವಾಸಿ.

ಡಿಸ್ಕ್, ಪೆನ್‌ಡ್ರೈವ್‌ಗಳಲ್ಲಿ ಹೇಳುವುದು ಹೆಚ್ಚಿಲ್ಲ. ಪೆನ್‌ಡ್ರೈವ್‌ಗಳಲ್ಲಿ ಫೈಲ್ ಇಡುವ ಎಕ್ಸ್‌ಫ್ಯಾಟ್ ವಿಧಾನದ ವಿವರಣೆಯನ್ನು ಮೈಕ್ರೋಸಾಫ್ಟ್ 2019ರಲ್ಲಿ ಪ್ರಕಟಿಸಿತು, 5.7 ಕರ್ನೆಲ್‌ನಿಂದ ಒಳ್ಳೆಯ ಡ್ರೈವರ್ ಒಳಗೇ ಇದೆ. ವಿಂಡೋಸ್ ವಿಭಾಗ ಓದಲು ಮಾತ್ರ ತೆರೆದುಕೊಂಡು ಬರೆಯಲು ಬಿಡದಿದ್ದರೆ ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ನಿಷ್ಕ್ರಿಯಗೊಳಿಸಿ. ಅದು ಕಂಪ್ಯೂಟರನ್ನು ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿ ಇಡುತ್ತದೆ. ಆಂಡ್ರಾಯ್ಡ್ ಫೋನ್ ಕಾಣದಿದ್ದರೆ ಫೋನ್‌ನ ಬೀಗ ತೆಗೆದು, ಯುಎಸ್‌ಬಿ ಆಯ್ಕೆಯನ್ನು ‘ಫೈಲ್ ಟ್ರಾನ್ಸ್‌ಫರ್’ಗೆ ಬದಲಿಸಿ. ಎಲ್‌ಎಸ್‌ಯುಎಸ್‌ಬಿಯಲ್ಲೂ ಫೋನ್ ಬರದಿದ್ದರೆ ಆ ಕೇಬಲ್‌ನಲ್ಲಿ ಡೇಟಾ ತಂತಿಗಳೇ ಇಲ್ಲದಿರಬಹುದು. ಪ್ಲೇಸ್ಟೇಷನ್ 5ರ ನಿಯಂತ್ರಕಕ್ಕೆ ಸೋನಿಯೇ ಬರೆದ ಡ್ರೈವರ್ 2021ರ 5.12 ಕರ್ನೆಲ್‌ನಿಂದ ಇದೆ.

ಒಂದೇ ಕೇಬಲ್‌ನಿಂದ ಮಾನಿಟರ್ ಮುಂತಾದವನ್ನು ಜೋಡಿಸುವ ಡಾಕ್‌ಗಳ ವಿಷಯದಲ್ಲಿ ಒಂದು ಎಚ್ಚರ. ಹೊರಗಿನಿಂದ ಒಂದೇ ಥರ ಕಾಣುವ ಯುಎಸ್‌ಬಿ-ಸಿ ಡಾಕ್‌ಗಳಲ್ಲಿ ಎರಡು ಜಾತಿ. ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಬಳಸುವುದು ಕಂಪ್ಯೂಟರಿನ ಗ್ರಾಫಿಕ್ಸ್ ಚಿಪ್‌ನ ಸಂಕೇತವನ್ನೇ ದಾಟಿಸುತ್ತದೆ, ಅದಕ್ಕೆ ಏನೂ ಹಾಕಬೇಕಿಲ್ಲ. ಡಿಸ್‌ಪ್ಲೇಲಿಂಕ್ ಬಳಸುವುದು ಚಿತ್ರವನ್ನು ಕುಗ್ಗಿಸಿ ಯುಎಸ್‌ಬಿ ದತ್ತಾಂಶವಾಗಿ ಕಳಿಸುತ್ತದೆ. ಅದಕ್ಕೆ ಇವಿಡಿಐ ಎಂಬ ಹೊರಗಿನ ಕರ್ನೆಲ್ ಘಟಕವೂ ಮುಚ್ಚಿದ ತಂತ್ರಾಂಶವೂ ಬೇಕು, ಪ್ರತಿ ಕರ್ನೆಲ್ ಅಪ್‌ಡೇಟ್‌ಗೂ ಆತಂಕ. ಎಲ್‌ಎಸ್‌ಯುಎಸ್‌ಬಿಯಲ್ಲಿ 17ಇ9 ಎಂದು ಶುರುವಾಗುವ ಐಡಿ ಡಿಸ್‌ಪ್ಲೇಲಿಂಕ್‌ನದು. ಟಿವಿಗೆ 4ಕೆ ಚಿತ್ರವನ್ನು 120 ಹರ್ಟ್ಸ್‌ನಲ್ಲಿ ಕಳಿಸಬಯಸುವ ಎಎಂಡಿ ಗ್ರಾಫಿಕ್ಸ್‌ನವರಿಗೆ ತಡೆ ಒಡ್ಡಿದ್ದು ತಂತ್ರಜ್ಞಾನವಲ್ಲ, ಪರವಾನಗಿ. ಎಚ್‌ಡಿಎಂಐ 2.1ನ್ನು ಮುಕ್ತ ಡ್ರೈವರ್‌ನಲ್ಲಿ ಸೇರಿಸುವ ಎಎಂಡಿಯ ಪ್ರಸ್ತಾವವನ್ನು ಎಚ್‌ಡಿಎಂಐ ಫೋರಂ ತಿರಸ್ಕರಿಸಿದ್ದು 2024ರ ಫೆಬ್ರುವರಿಯಲ್ಲಿ ಬೆಳಕಿಗೆ ಬಂತು. ಮಾನಿಟರ್ ಆದರೆ ಡಿಸ್‌ಪ್ಲೇಪೋರ್ಟ್ ಕೇಬಲ್ ಬಳಸಿ ಪಾರಾಗಬಹುದು. ಟಿವಿಗಳಲ್ಲಿ ಆ ಪೋರ್ಟ್ ಇರುವುದೇ ವಿರಳ.

ಮನೆಯ ದೀಪ, ಸ್ವಿಚ್, ಸಂವೇದಕಗಳನ್ನು ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶದ ಮೂಲಕ ನಡೆಸುವವರು ಹೆಚ್ಚುತ್ತಿದ್ದಾರೆ. ಇಲ್ಲಿ ಆ ಸಾಧನಗಳೊಡನೆ ನಿಸ್ತಂತುವಾಗಿ ಮಾತಾಡುವ ಜಿಗ್‌ಬೀ ಡಾಂಗಲ್ ಸೀರಿಯಲ್ ಪೋರ್ಟ್ ಆಗಿ, ಟಿಟಿವೈಯುಎಸ್‌ಬಿ0 ಎಂಬಂಥ ಹೆಸರಿನಲ್ಲಿ ಕಾಣುತ್ತದೆ. ‘ಪರ್ಮಿಷನ್ ಡಿನೈಡ್’ ಬಂದರೆ ಬಳಕೆದಾರರನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಬೇಕು. ಯೂಸರ್‌ಮಾಡ್ ಕಮಾಂಡ್‌ಗೆ ‘-ಎಜಿ’ ಕೊಡಿ (ಎ ಸಣ್ಣದು, ಜಿ ದೊಡ್ಡದು). ಎ ಬಿಟ್ಟು ಜಿ ಮಾತ್ರ ಕೊಟ್ಟರೆ ಆ ಬಳಕೆದಾರರು ಉಳಿದೆಲ್ಲ ಹೆಚ್ಚುವರಿ ಗುಂಪುಗಳಿಂದ ಹೊರಬೀಳುತ್ತಾರೆ, ನಿರ್ವಾಹಕ ಅಧಿಕಾರ ಕೊಡುವ ಸುಡೋ ಕೂಡ ಹೋಗುತ್ತದೆ. ಸೇರಿಸಿದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಬರಬೇಕು. ಸಂರಚನೆಯಲ್ಲಿ ಟಿಟಿವೈಯುಎಸ್‌ಬಿ0 ಎಂದು ಬರೆಯದೆ /ಡಿವ್/ಸೀರಿಯಲ್/ಬೈ-ಐಡಿ ಫೋಲ್ಡರ್‌ನ ಉದ್ದ ಹೆಸರನ್ನು ಹಾಕಿ. ಇನ್ನೊಂದು ಸಾಧನ ಮೊದಲು ಎದ್ದರೆ 0 ಹೋಗಿ 1 ಆಗುತ್ತದೆ, ದೀಪಗಳೆಲ್ಲ ಸತ್ತಂತೆ ಕಾಣುತ್ತವೆ.

ಉಬುಂಟು 22.04ರಲ್ಲಿ ಸಿಎಚ್340 ಚಿಪ್‌ನ ಸಾಧನಗಳು, ಅಂದರೆ 1ಎ86:7523 ಐಡಿಯವು, ಕ್ಷಣ ಕಾಲ ಕಂಡು ಮಾಯವಾಗುತ್ತಿದ್ದವು. ಬ್ರೈಲ್ ಫಲಕಗಳನ್ನು ನಡೆಸುವ ಬಿಆರ್‌ಎಲ್‌ಟಿಟಿವೈ ತಂತ್ರಾಂಶ ಅದೇ ಐಡಿಯ ಬ್ರೈಲ್ ಸಾಧನವೆಂದು ತಿಳಿದು ಅದನ್ನು ಕಿತ್ತುಕೊಳ್ಳುತ್ತಿತ್ತು. ಬ್ರೈಲ್ ಬಳಸದ ಕಂಪ್ಯೂಟರಿನಲ್ಲಿ ಆ ಪ್ಯಾಕೇಜ್ ತೆಗೆದರೆ ಸರಿ. ಅಂಧರು ಬಳಸುವ ಕಂಪ್ಯೂಟರಿನಲ್ಲಿ ತೆಗೆಯಬಾರದು, ಸಾಧನಗಳನ್ನು ಗುರುತಿಸುವ ಯುಡೆವ್‌ನಲ್ಲಿ ಆ ಐಡಿಯ ನಿಯಮವನ್ನಷ್ಟೇ ನಿಷ್ಕ್ರಿಯಗೊಳಿಸಬೇಕು.

ಜಿಗ್‌ಬೀ ಸಾಧನಗಳು ಆಗಾಗ ಕಳಚಿಕೊಂಡರೆ ಡಾಂಗಲನ್ನು ಯುಎಸ್‌ಬಿ 3 ಪೋರ್ಟ್‌ನ ಪಕ್ಕದಿಂದ ದೂರ ಒಯ್ಯಿರಿ. ಯುಎಸ್‌ಬಿ 3 ಸಂಪರ್ಕಗಳು 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತವೆಂದು ಇಂಟೆಲ್ 2012ರಲ್ಲೇ ದಾಖಲಿಸಿದೆ. ಅರ್ಧದಿಂದ ಒಂದು ಮೀಟರ್‌ನ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ ಸಾಕು. ನಿಸ್ತಂತು ಮೌಸ್ ತಡವರಿಸುವುದಕ್ಕೂ ಮದ್ದು ಇದೇ. ಮನೆಯ ಕಾವಲು ಕ್ಯಾಮೆರಾ ಕೊಳ್ಳುವಾಗ ಓಎನ್‌ವಿಐಎಫ್ ಅಥವಾ ಆರ್‌ಟಿಎಸ್‌ಪಿ ಎಂಬ ತೆರೆದ ಮಾನದಂಡ ಇದೆಯೇ ನೋಡಿ. ಇದ್ದರೆ ವಿಎಲ್‌ಸಿಯಲ್ಲೇ ಚಿತ್ರ ತೆರೆಯುತ್ತದೆ, ಪೋರ್ಟ್ ಸಾಮಾನ್ಯವಾಗಿ 554. ಫೋನ್ ಆ್ಯಪ್ ಮೂಲಕವಷ್ಟೇ ನಡೆಯುವುದು ತಯಾರಕರ ಸರ್ವರ್ ಮುಚ್ಚಿದ ದಿನ ಗೋಡೆಗೆ ಅಂಟಿದ ಪ್ಲಾಸ್ಟಿಕ್ ಆಗುತ್ತದೆ, ಯಾವ ವ್ಯವಸ್ಥೆ ಬಳಸುವವರಿಗಾದರೂ. ಯುಪಿಎಸ್‌ಗೆ ನಟ್ ಎಂಬ ತಂತ್ರಾಂಶವಿದೆ. ಎಚ್‌ಐಡಿ ಮಾನದಂಡದ ಯುಪಿಎಸ್‌ಗೆ ‘ಯುಎಸ್‌ಬಿಎಚ್‌ಐಡಿ-ಯುಪಿಎಸ್’ ಡ್ರೈವರ್ ಹೊಂದುತ್ತದೆ, 0665:5161 ಐಡಿಯ ಅಗ್ಗದವಕ್ಕೆ ‘ನಟ್‌ಡಿಆರ್‌ವಿ-ಕ್ಯೂಎಕ್ಸ್’ ಪ್ರಯತ್ನಿಸಿ.

ಬೆರಳಚ್ಚು ಓದುಗಗಳ ಬಗ್ಗೆ ಭರವಸೆ ಕೊಡಲಾರೆ. ಲಿಬ್‌ಎಫ್‌ಪ್ರಿಂಟ್ ಯೋಜನೆಯ ಬೆಂಬಲಿತ ಸಾಧನಗಳ ಪಟ್ಟಿಯಲ್ಲಿ ಐಡಿ ಇಲ್ಲದಿದ್ದರೆ ಅದನ್ನು ಮರೆಯುವುದೇ ಒಳ್ಳೆಯದು. ಮೌಸ್-ಕೀಬೋರ್ಡ್‌ಗಳ ಬಣ್ಣದ ದೀಪ ಬದಲಿಸುವ ತಂತ್ರಾಂಶಗಳೂ ಹೆಚ್ಚಾಗಿ ವಿಂಡೋಸ್‌ಗೆ ಮಾತ್ರ. ಬಟನ್ ಸಂಯೋಜನೆಗಳನ್ನು ಸಾಧನದ ಸ್ಮರಣೆಯಲ್ಲೇ ಉಳಿಸುವ ಮಾದರಿಯಾದರೆ ಬೇರೆ ಕಂಪ್ಯೂಟರಿನಲ್ಲಿ ಒಮ್ಮೆ ಹೊಂದಿಸಿ ತಂದರಾಯಿತು.

ಸಂಪಾದಕರಲ್ಲಿ ಕೇಳಿಕೊಳ್ಳುವುದು ಇಷ್ಟು. ಪತ್ರಿಕೆಯಲ್ಲಿ ಉಪಕರಣಗಳ ವಿಮರ್ಶೆ ಬರೆಯುವವರ ಕೈಯಲ್ಲಿ ಸಾಧನ ಇರುತ್ತದೆ. ಲೈವ್ ಯುಎಸ್‌ಬಿಯಿಂದ ಯಾವುದಾದರೂ ಡಿಸ್ಟ್ರೋ ಬೂಟ್ ಮಾಡಿ, ಏನನ್ನೂ ಇನ್‌ಸ್ಟಾಲ್ ಮಾಡದೆ, ಮೇಲೆ ಹೇಳಿದ ಮೊದಲ ಪರೀಕ್ಷೆ ಮಾಡಲು ಹತ್ತು ನಿಮಿಷ ಸಾಕು. ಐಡಿ ಜೋಡಿ, ಹಿಡಿದ ಡ್ರೈವರ್‌ನ ಹೆಸರು, ಕರ್ನೆಲ್ ಆವೃತ್ತಿ, ಈ ಮೂರನ್ನು ಒಂದು ಸಾಲಿನಲ್ಲಿ ಮುದ್ರಿಸಿದರೆ ಓದುಗರಿಗೆ ‘ಲಿನಕ್ಸ್‌ನಲ್ಲೂ ಚೆನ್ನಾಗಿ ನಡೆಯುತ್ತದೆ’ ಎಂಬ ಹೊಗಳಿಕೆಗಿಂತ ಅದೇ ಹೆಚ್ಚು ಉಪಯೋಗ. ಪ್ರಿಂಟರ್ ಆದರೆ ಏರ್‌ಪ್ರಿಂಟ್ ಇದೆಯೇ, ಡಾಕ್ ಆದರೆ ಡಿಸ್‌ಪ್ಲೇಲಿಂಕ್ ಹೌದೇ, ಡಾಂಗಲ್ ಆದರೆ ಯಾವ ಹಾರ್ಡ್‌ವೇರ್ ಆವೃತ್ತಿ ಎಂಬುದನ್ನೂ ಸೇರಿಸಲಿ.

ಜೊತೆಗೆ ‘ಎಫ್‌ಡಬ್ಲ್ಯುಯುಪಿಡಿಎಂಜಿಆರ್ ಗೆಟ್-ಡಿವೈಸಸ್’ ಓಡಿಸಿ ನೋಡಲಿ. ಸಾಧನ ಆ ಪಟ್ಟಿಯಲ್ಲಿದ್ದು ‘ಅಪ್‌ಡೇಟಬಲ್’ ಎಂದಿದ್ದರೆ, ತಯಾರಕರು ಎಲ್‌ವಿಎಫ್‌ಎಸ್ ಎಂಬ ಫರ್ಮ್‌ವೇರ್ ಭಂಡಾರದ ಮೂಲಕ ಕೊಡುವ ಫರ್ಮ್‌ವೇರನ್ನು ಲಿನಕ್ಸ್‌ನಿಂದಲೇ ಏರಿಸಬಹುದು. ಇಲ್ಲದಿದ್ದರೆ ಭದ್ರತಾ ದೋಷ ಸರಿಪಡಿಸಲಿಕ್ಕೂ ವಿಂಡೋಸ್ ಕಂಪ್ಯೂಟರ್ ಹುಡುಕಿಕೊಂಡು ಹೋಗಬೇಕು; ಲಿನಕ್ಸ್ ಒಳಗೇ ವಿಂಡೋಸ್ ಓಡಿಸುವ ವರ್ಚುವಲ್ ಮಷೀನ್‌ನೊಳಗೆ ಆ ಕೆಲಸಕ್ಕೆ ಇಳಿಯಬಾರದು, ಫರ್ಮ್‌ವೇರ್ ಬರೆಯುವಾಗ ಸಾಧನ ನಡುವೆ ಬೇರೆ ಐಡಿಯಲ್ಲಿ ಎದ್ದು ಬರುತ್ತದೆ, ಆ ಹೊಸ ಐಡಿಯನ್ನು ವರ್ಚುವಲ್ ಮಷೀನ್‌ಗೆ ಒಪ್ಪಿಸಿರದಿದ್ದರೆ ಬರವಣಿಗೆ ಅರ್ಧಕ್ಕೇ ನಿಲ್ಲುತ್ತದೆ.

ಇಂತಿ,
ಲಿನಕ್ಸ್ ಬಳಸುವ ಒಬ್ಬ ಓದುಗ